ರೆಡಿಮೇಡ್ ಪ್ರೊಫೈಲ್ ಹಾಕಿದ ಮೇಲೂ ನಿದ್ದೆ ಇಲ್ಲ!

ಪ್ರಶ್ನೆ: ಮೇಡಂ, ನಾನು ಡೆವಲಪರ್ ಆಗಿದ್ದೆ. ಮೂರು ತಿಂಗಳಿಂದ ಹನ್ನೆರಡು ಡೇಟಾಬೇಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಾನಿಟರಿಂಗ್ ಟೂಲ್‌ನಲ್ಲಿ ಮೊದಲೇ ಸಿದ್ಧವಾಗಿದ್ದ ಒಂದು ಪ್ರೊಫೈಲನ್ನು, ಅಂದರೆ ಏನು ಅಳೆಯಬೇಕು, ಯಾವ ಮಿತಿ ದಾಟಿದರೆ ಎಚ್ಚರಿಸಬೇಕು ಎಂಬ ಪಟ್ಟಿಯನ್ನು, ಹನ್ನೆರಡಕ್ಕೂ ಹಾಕಿದೆ. ಈಗ ರಾತ್ರಿಯಿಡೀ ಅಲರ್ಟ್. ಎಷ್ಟು ಬರುತ್ತವೆ ಅಂದರೆ, ಓದುವುದನ್ನೇ ಬಿಟ್ಟಿದ್ದೇನೆ. ಇದನ್ನು ತೆಗೆದುಹಾಕಿ ಎಲ್ಲವನ್ನೂ ನಾನೇ ಬರೆದುಕೊಳ್ಳಲೇ?

ಉತ್ತರ: ಬೇಡ, ತೆಗೆಯಬೇಡಿ. ಏನೇನು ಅಳೆಯಬೇಕು ಅನ್ನುವ ಪಟ್ಟಿ ಆ ಪ್ರೊಫೈಲ್‌ನಲ್ಲಿ ಚೆನ್ನಾಗಿಯೇ ಇರುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್, ಕನೆಕ್ಷನ್, ಲಾಕ್, ನಿಧಾನವಾದ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು). ಇದನ್ನೆಲ್ಲ ನೀವು ಮೊದಲಿಂದ ಬರೆಯಲು ಹೋದರೆ ಮುಖ್ಯವಾದ ನಾಲ್ಕಾದರೂ ಬಿಟ್ಟುಹೋಗುತ್ತವೆ. ತೊಂದರೆ ಇರುವುದು ಪಟ್ಟಿಯಲ್ಲಲ್ಲ, ಮಿತಿಗಳಲ್ಲಿ. ಆ ಮಿತಿಗಳನ್ನು ಹಾಕಿದವರು ನಿಮ್ಮ ಸರ್ವರನ್ನು ನೋಡಿಯೇ ಇಲ್ಲ, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿ’ ಅಂತ ಒಂದು ಅಳತೆ ಇದೆ. ಡಿಸ್ಕ್‌ನಿಂದ ಓದಿದ ಪುಟ ಮೆಮೊರಿಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅದು ಹೇಳುತ್ತದೆ. 300 ಸೆಕೆಂಡಿಗಿಂತ ಕೆಳಗೆ ಬಂದರೆ ಎಚ್ಚರಿಸು ಎಂಬ ಮಿತಿ ಇವತ್ತಿಗೂ ಎಷ್ಟೋ ಕಡೆ ಹಾಗೇ ಇದೆ. ಮೆಮೊರಿ ನಾಲ್ಕು ಜಿಬಿ ಇದ್ದ ಕಾಲದ ಲೆಕ್ಕ ಅದು. ಈಗ 128 ಜಿಬಿ ಮೆಮೊರಿ ಇದೆ ಅಂದುಕೊಳ್ಳಿ. 300 ಸೆಕೆಂಡಿನಲ್ಲಿ ಅಷ್ಟೂ ಪುಟಗಳು ಬದಲಾಗುತ್ತಿವೆ ಅಂದರೆ ಡಿಸ್ಕ್‌ನಿಂದ ಸೆಕೆಂಡಿಗೆ 430 ಎಂಬಿಗೂ ಜಾಸ್ತಿ ಓದಬೇಕು. ಅಲರ್ಟ್ ಬರುವ ಹೊತ್ತಿಗೆ ಬಳಕೆದಾರರು ಆಗಲೇ ಪರದಾಡುತ್ತಿರುತ್ತಾರೆ. ಡಿಸ್ಕ್ ಶೇಕಡಾ 90 ತುಂಬಿದರೆ ಎಚ್ಚರಿಸು ಎಂಬ ಮಿತಿಯೂ ಹೀಗೇ. 100 ಜಿಬಿ ಡಿಸ್ಕ್‌ನಲ್ಲಿ ಉಳಿದಿರುವುದು ಬರೀ 10 ಜಿಬಿ. 4 ಟಿಬಿ ಡಿಸ್ಕ್‌ನಲ್ಲಾದರೆ ಇನ್ನೂ 400 ಜಿಬಿ ಜಾಗ ಇದೆ. ಅಲ್ಲಿ ನಿಮ್ಮನ್ನು ಮಧ್ಯರಾತ್ರಿ ಎಬ್ಬಿಸುವುದು ಯಾಕೆ?

ಇವತ್ತೇ ಒಂದು ಕೆಲಸ ಮಾಡಿ. ಸರ್ವರ್ ಉತ್ತರ ಕೊಡುತ್ತಿಲ್ಲ, ಡಿಸ್ಕ್ ತುಂಬುತ್ತಿದೆ, ಬ್ಯಾಕಪ್ ಆಗಿಲ್ಲ. ಈ ಮೂರು ಬಿಟ್ಟು ಉಳಿದ ಅಲರ್ಟ್‌ಗಳನ್ನು ಮ್ಯೂಟ್ ಮಾಡಿ. ಅಳೆಯುವುದು ಮಾತ್ರ ನಿಲ್ಲಬಾರದು. ಒಂದು ತಿಂಗಳು ಅಂಕಿಗಳು ಸುಮ್ನೆ ಸೇರಿಕೊಳ್ಳಲಿ. ತಿಂಗಳ ಕೊನೆಯ ಲೆಕ್ಕದ ದಿನಗಳೂ ಅದರಲ್ಲಿ ಬರಬೇಕು, ಎರಡು ವಾರ ಸಾಲದು. ಆಮೇಲೆ ಸರ್ವರ್‌ಗಳನ್ನು ಅವು ಮಾಡುವ ಕೆಲಸ ನೋಡಿ ಗುಂಪು ಮಾಡಿ. ದಿನವಿಡೀ ಸಣ್ಣ ಸಣ್ಣ ವ್ಯವಹಾರ ನಡೆಸುವವು ಒಂದು ಗುಂಪು, ರಾತ್ರಿ ದೊಡ್ಡ ರಿಪೋರ್ಟ್ ತೆಗೆಯುವವು ಇನ್ನೊಂದು, ಟೆಸ್ಟ್ ಸರ್ವರ್‌ಗಳು ಮತ್ತೊಂದು. ರಿಪೋರ್ಟ್ ಸರ್ವರ್‌ನ ಸಿಪಿಯು ರಾತ್ರಿ ಎರಡಕ್ಕೆ ಶೇಕಡಾ 95 ಮುಟ್ಟಿದರೆ ಅದು ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಪ್ರತಿ ಗುಂಪಿಗೂ ಮೂಲ ಪ್ರೊಫೈಲ್‌ನ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿ ಮಿತಿ ತಿದ್ದಿ. ಮೂಲವನ್ನೇ ತಿದ್ದಿದರೆ, ಟೂಲ್ ಅಪ್‌ಗ್ರೇಡ್ ಆದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು.

ಇನ್ನೊಂದು ವಿಷಯ ಇದೆ. ಅಲರ್ಟ್ ಜಾಸ್ತಿ ಬರುವುದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಬರಬೇಕಾದ ಅಲರ್ಟ್ ಬಾರದೇ ಇರುವುದು.

ಕೆಲವು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ಗೆ ಒಂದು ರೆಪ್ಲಿಕಾ, ಅಂದರೆ ಅದರ ಡೇಟಾದ ನಕಲು ಇಟ್ಟುಕೊಳ್ಳುವ ಇನ್ನೊಂದು ಸರ್ವರ್, ಇತ್ತು. ಶುಕ್ರವಾರ ಆ ರೆಪ್ಲಿಕಾವನ್ನು ಆಫ್ ಮಾಡಿದೆವು. ಪ್ರೈಮರಿಯಲ್ಲಿ, ಅಂದರೆ ಮೂಲ ಸರ್ವರ್‌ನಲ್ಲಿ, ಆ ರೆಪ್ಲಿಕಾಗಾಗಿ ಇಟ್ಟಿದ್ದ ಸ್ಲಾಟ್ ಎಂಬ ಗುರುತನ್ನು ತೆಗೆಯಲು ಮರೆತೆವು. ಸ್ಲಾಟ್ ಇರುವಷ್ಟು ದಿನ, ರೆಪ್ಲಿಕಾ ಬಂದು ಕೇಳುತ್ತದೆ ಎಂದು ಪ್ರೈಮರಿ ಹಳೆಯ ವಾಲ್ ಫೈಲ್‌ಗಳನ್ನು (ಡೇಟಾದ ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್‌ಗಳು) ಅಳಿಸದೆ ಇಟ್ಟುಕೊಳ್ಳುತ್ತದೆ. ಭಾನುವಾರ ಬೆಳಗಿನ ಜಾವ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಯಿತು. ರೆಪ್ಲಿಕಾ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡುವ ಚೆಕ್ ಪ್ರೊಫೈಲ್‌ನಲ್ಲಿ ಇರಲಿಲ್ಲವೇ? ಇತ್ತು. ಎರಡು ದಿನವೂ ಅದು ಹಸಿರಾಗಿಯೇ ಇತ್ತು. ಆ ಚೆಕ್ ಓದುತ್ತಿದ್ದದ್ದು ‘ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್’ ವ್ಯೂ, ಅಂದರೆ ಪೋಸ್ಟ್‌ಗ್ರೆಸ್ ತೋರಿಸುವ ಒಂದು ಕೋಷ್ಟಕ. ಅದರಲ್ಲಿ ಕನೆಕ್ಟ್ ಆಗಿರುವ ರೆಪ್ಲಿಕಾಗಳಷ್ಟೇ ಕಾಣುತ್ತವೆ. ರೆಪ್ಲಿಕಾ ಹೋದಾಗ ಅದರ ಸಾಲೂ ಹೋಯಿತು. ಸಾಲೇ ಇಲ್ಲದ ಮೇಲೆ ಮಿತಿ ಮೀರುವುದೆಲ್ಲಿಂದ! ಡಿಸ್ಕ್‌ನ ಚೆಕ್ಕೂ ಇತ್ತು, ಆದರೆ ಅದು ಡೇಟಾ ಇರುವ ಡಿಸ್ಕ್ ಮೇಲೆ ಮಾತ್ರ. ವಾಲ್ ಬೇರೆ ಡಿಸ್ಕ್‌ನಲ್ಲಿತ್ತು.

ಅವತ್ತಿನಿಂದ ನಾನು ಯಾವ ಪ್ರೊಫೈಲ್ ಹಾಕಿದರೂ ಎರಡು ಸೇರಿಸುತ್ತೇನೆ. ಅಂಕಿ ಬರುವುದೇ ನಿಂತರೆ ಅದಕ್ಕೊಂದು ಅಲರ್ಟ್. ‘ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್’ ವ್ಯೂನಲ್ಲಿ ಯಾರೂ ಬಳಸದ ಸ್ಲಾಟ್ ಕಂಡರೆ ಇನ್ನೊಂದು. ಪೋಸ್ಟ್‌ಗ್ರೆಸ್ 13ರಿಂದ ಸ್ಲಾಟ್‌ಗಾಗಿ ಎಷ್ಟು ವಾಲ್ ಉಳಿಸಬೇಕು ಎಂಬುದಕ್ಕೂ ಮಿತಿ ಹಾಕಬಹುದು, ಅದನ್ನೂ ಹಾಕಿಡಿ. ನಿಮ್ಮ ಹನ್ನೆರಡು ಸರ್ವರ್‌ಗಳಲ್ಲೂ ಹಸಿರು ದೀಪದ ಹಿಂದೆ ನಿಜವಾಗಿ ಯಾವ ಕ್ವೆರಿ ಓಡುತ್ತಿದೆ ಎಂದು ಒಮ್ಮೆ ತೆರೆದು ಓದಿ. ಒಂದು ಮಧ್ಯಾಹ್ನದ ಕೆಲಸ, ದಯವಿಟ್ಟು ಮಾಡಿ.

ಪ್ರಶ್ನೆ: ಇಷ್ಟೆಲ್ಲ ಅಳೆಯುವುದೇ ಸರ್ವರ್‌ಗೆ ಭಾರ ಆಗುವುದಿಲ್ಲವೇ?

ಉತ್ತರ: ಎಲ್ಲವನ್ನೂ ಒಂದೇ ವೇಗದಲ್ಲಿ ಅಳೆದರೆ ಆಗುತ್ತದೆ. ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ ಬಂದ ಅಂಕಿ ಸಂಗ್ರಹಿಸುವ ಸೌಲಭ್ಯವಾದ ಡೇಟಾ ಕಲೆಕ್ಟರ್‌ನ ಸಿದ್ಧ ಸೆಟ್‌ಗಳನ್ನು ನೋಡಿ. ಕ್ವೆರಿ ಅಂಕಿಗಳನ್ನು 10 ಸೆಕೆಂಡಿಗೊಮ್ಮೆ, ಸರ್ವರ್ ಚಟುವಟಿಕೆಯನ್ನು 60 ಸೆಕೆಂಡಿಗೊಮ್ಮೆ ತೆಗೆದು, ಎರಡನ್ನೂ 14 ದಿನ ಇಡುತ್ತದೆ. ಡಿಸ್ಕ್ ಬಳಕೆಯನ್ನು 6 ಗಂಟೆಗೊಮ್ಮೆ ನೋಡಿ 730 ದಿನ ಇಡುತ್ತದೆ. ಬೇಗ ಬದಲಾಗುವುದನ್ನು ಬೇಗ ಬೇಗ ಅಳೆದು ಬೇಗ ಬಿಸಾಕುತ್ತದೆ, ನಿಧಾನಕ್ಕೆ ಬೆಳೆಯುವುದನ್ನು ಅಪರೂಪಕ್ಕೆ ಅಳೆದು ವರ್ಷಗಟ್ಟಲೆ ಉಳಿಸುತ್ತದೆ. ನೀವು ಯಾವ ಟೂಲ್ ಬಳಸಿದರೂ ಇದೇ ಲೆಕ್ಕ ಇಟ್ಟುಕೊಳ್ಳಿ. ಆ ಅಂಕಿಗಳನ್ನು ಮಾತ್ರ ಬೇರೆ ಸರ್ವರ್‌ನಲ್ಲಿ ಇಡಿ. ಅಳೆಯುತ್ತಿರುವ ಸರ್ವರೇ ಬಿದ್ದಾಗ ನಿಮಗೆ ಬೇಕಾಗುವುದು ಅವೇ.