ಕುಮ್ಮಕ್ಕಿನ ‘ಕು’ ಕುತಂತ್ರದ ‘ಕು’ ಅಲ್ಲ

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕ ವರದಿಯಲ್ಲಿ ‘ಮಕ್ಕಳ ಪ್ರತಿಭೆಗೆ ಕುಮ್ಮಕ್ಕು ನೀಡಿದ ದಾನಿಗಳು’ ಎಂದು ಬರೆದಿದ್ದೆ. ಮುಖ್ಯೋಪಾಧ್ಯಾಯರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಕುತಂತ್ರ, ಕುಯುಕ್ತಿಗಳಲ್ಲಿರುವ ಕು ಇದರಲ್ಲೂ ಇದೆಯಲ್ಲ’ ಎಂದರು. ಅವರು ಹೇಳಿದ್ದು ಸರಿಯೇ?

ಉತ್ತರ: ತಿದ್ದಿದ್ದು ಸರಿ, ಕೊಟ್ಟ ಕಾರಣ ತಪ್ಪು. ಕುತಂತ್ರದ ‘ಕು’ ಕೆಟ್ಟದ್ದು ಎಂಬರ್ಥದ ಸಂಸ್ಕೃತದ ಪೂರ್ವಪ್ರತ್ಯಯ; ಕುಮ್ಮಕ್ಕು ಸಂಸ್ಕೃತದ ಪದವೇ ಅಲ್ಲ. ತುರ್ಕಿ ಮೂಲದ ‘ಕುಮಕ್’ ಪಾರ್ಸಿ, ಉರ್ದುಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದಿದೆ. ಅದಕ್ಕೆ ನೆರವು ಎಂದಷ್ಟೇ ಅರ್ಥ. ಕಾದುತ್ತಿರುವ ಸೈನ್ಯದ ಬೆನ್ನಿಗೆ ಬರುವ ಹೆಚ್ಚುವರಿ ದಂಡಿಗೂ ಅದೇ ಹೆಸರು. ದಕ್ಷಿಣ ಕನ್ನಡದ ಕೃಷಿಕರನ್ನು ಕೇಳಿ ನೋಡಿ: ಕಂದಾಯ ಕಟ್ಟುವ ತಮ್ಮ ಸ್ವಂತ ‘ವರ್ಗ’ ಜಮೀನಿಗೆ ತಾಗಿ 100 ಗಜದೊಳಗಿರುವ ಸರ್ಕಾರಿ ಜಾಗ ಅವರಿಗೆ ‘ಕುಮ್ಕಿ’. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಒದಗಿಸಿ ಬೇಸಾಯಕ್ಕೆ ನೆರವಾಗುವ ನೆಲ ಅದು. ಕಾಡಾನೆ ಹಿಡಿಯಲು ಕೊಡಗಿನ ದುಬಾರೆ ಆನೆ ಶಿಬಿರದಿಂದ ಹೊರಡುವ ಪಳಗಿದ ಆನೆಯೂ ಕುಮ್ಕಿ ಆನೆಯೇ. ಎರಡರಲ್ಲೂ ಕೇಡಿನ ಸುಳಿವಿಲ್ಲ.

ಕುಮ್ಮಕ್ಕು ಮಾತ್ರ ಕೆಟ್ಟ ಕೆಲಸಕ್ಕೇ ಅಂಟಿಕೊಂಡಿತು. ಆದರೂ ನೆರವು ಎಂಬ ತಿರುಳನ್ನು ಅದು ಬಿಟ್ಟಿಲ್ಲ. ಬರೆಯುವವರು ಮರೆಯುವುದು ಇದನ್ನೇ. ಅಣ್ಣ ತಮ್ಮಂದಿರ ಬದುವಿನ ಜಗಳವನ್ನೇ ತೆಗೆದುಕೊಳ್ಳಿ. ‘ನಿನ್ನ ಪಾಲು ನುಂಗಿದ್ದಾನೆ’ ಎಂದು ತಮ್ಮನ ಕಿವಿ ಊದಿದವನದು ಚಿತಾವಣೆ. ನಾಲ್ಕು ಜನರೆದುರು ಹಂಗಿಸಿ ಅವನನ್ನು ರೊಚ್ಚಿಗೆಬ್ಬಿಸಿದರೆ ಅದು ಪ್ರಚೋದನೆ. ‘ಬದು ಕಿತ್ತು ಹಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ರಾತ್ರೋರಾತ್ರಿ ಟ್ರ್ಯಾಕ್ಟರ್ ಕಳುಹಿಸಿದವನದು ಕುಮ್ಮಕ್ಕು. ಸಿಟ್ಟು ತಮ್ಮನದೇ ಇರಬಹುದು. ಕೈಗೆ ಬಲ ಬಂದದ್ದು ಹಿಂದೆ ನಿಂತವನಿಂದ.

ಕಾನೂನಿನ ಕನ್ನಡದಲ್ಲಿ ಬಳಕೆಯಲ್ಲಿರುವುದು ‘ದುಷ್ಪ್ರೇರಣೆ’. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 45ನೆಯ ಪ್ರಕರಣ ಪ್ರಚೋದನೆ, ಒಳಸಂಚು, ಉದ್ದೇಶಪೂರ್ವಕ ನೆರವು ಮೂರನ್ನೂ ಅದರಡಿ ತರುತ್ತದೆ. ಕುಮ್ಮಕ್ಕು ಎಂಬುದು ಅಷ್ಟು ಗಂಭೀರ ಆರೋಪದ ನೆರೆಯಲ್ಲಿರುವ ಪದ. ಗಲಭೆಯನ್ನು ದೂರ ನಿಂತು ನೋಡಿದವರನ್ನೂ ‘ಕುಮ್ಮಕ್ಕು ನೀಡಿದರು’ ಎಂದು ಶೀರ್ಷಿಕೆಯಲ್ಲಿ ಸೇರಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ಹಣ ಕೊಟ್ಟರೇ, ಅಡಗಲು ಜಾಗ ಕೊಟ್ಟರೇ, ಬಿಡಿಸಿಕೊಂಡು ಬರುವ ಭರವಸೆ ಕೊಟ್ಟರೇ? ಅದು ತಿಳಿದ ಮೇಲೆ ಬರೆಯಬೇಕು.

ನಿಮ್ಮ ವರದಿಯಲ್ಲಿ ‘ಪ್ರೋತ್ಸಾಹ’ ಎಂದು ಬರೆಯಬಹುದು. ದಾನಿಗಳ ವಿಷಯವಾದ್ದರಿಂದ ‘ಒತ್ತಾಸೆ’ ಇನ್ನೂ ಚೆನ್ನಾಗಿ ಒಪ್ಪುತ್ತದೆ.