ಕಲಿಯದೆ ಸಹಿ ಮಾಡಬೇಡ ತಮ್ಮಾ

ತಮ್ಮಾ, ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ಡಿಪ್ಲೊಮಾ ಮುಗಿಸಿ ಹಾವೇರಿಯಿಂದ ಪುಣೆಯ ಚಾಕಣ್‌ಗೆ ಬರುತ್ತಿದ್ದೀಯ. ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಒಂದು ವರ್ಷ ಅಪ್ರೆಂಟಿಸ್. ರೂಮು, ಊಟ, ಮರಾಠಿ ಹೇಗೆ, ಪರ್ಮನೆಂಟ್ ಮಾಡ್ತಾರಾ ಅಂತ ಕೇಳಿದ್ದೀಯ. ಕೊನೆಗೆ ‘ಮೊದಲ ವಾರ ಬರೀ ಟ್ರೇನಿಂಗ್ ಕ್ಲಾಸ್ ಅಂತೆ ಅಣ್ಣಾ, ಅದರಿಂದ ಏನಾದರೂ ಉಪಯೋಗ ಇದೆಯಾ?’ ಎಂದು ಬರೆದಿದ್ದೀಯ. ನಾನು ಹೇಳಬೇಕಾದದ್ದು ಹೆಚ್ಚಾಗಿ ಆ ಕೊನೆಯ ಪ್ರಶ್ನೆಗೇ.

ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ. ರೂಮನ್ನು ಕಂಪನಿ ಬಸ್ ನಿಲ್ಲುವ ಜಾಗದ ಹತ್ತಿರವೇ ನೋಡು, ಮೋಶಿಯಾದರೂ ಸರಿ, ಭೋಸರಿಯಾದರೂ ಸರಿ. ಮೆಸ್ಸಿನಲ್ಲಿ ಭಾಕರಿ ಸಿಗುತ್ತದೆ. ನಮ್ಮ ಖಡಕ್ ರೊಟ್ಟಿ ಬೇಕೆಂದರೆ ಅವ್ವನಿಗೆ ಹೇಳಿ ಒಂದು ಕಟ್ಟು ತಾ. ಈ ಕಡೆ ಬಹಳ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಗಣಪತಿಗೆ ರಜೆ ಸಿಗುತ್ತದೆ, ಸೀಗಿ ಹುಣ್ಣಿಮೆಗೆ ಸಿಗುವುದಿಲ್ಲ. ಊರಲ್ಲಿ ಚರಗ ಚೆಲ್ಲುವ ಹೊತ್ತಿಗೆ ನೀನು ಮೆಷಿನ್ ಮುಂದೆ ಇರುತ್ತೀಯ. ಇಷ್ಟು ವರ್ಷ ಇಲ್ಲಿದ್ದರೂ ನನಗೆ ಅದೊಂದು ರೂಢಿಯಾಗಿಲ್ಲ.

ಪರ್ಮನೆಂಟ್ ಮಾತು. ನಿನ್ನದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗಿನ ಕರಾರಾಗಿದ್ದರೆ, ಕಾಯ್ದೆಯ ಲೆಕ್ಕದಲ್ಲಿ ನೀನು ಕಲಿಯುವವನು, ಕಾರ್ಮಿಕ ಅಲ್ಲ. ವರ್ಷ ಮುಗಿದ ಮೇಲೆ ನೌಕರಿ ಕೊಡಲೇಬೇಕು ಎಂದಿಲ್ಲ, ಕರಾರಿನಲ್ಲೇ ಬರೆದಿದ್ದರೆ ಬೇರೆ ಮಾತು. 2014ರ ತಿದ್ದುಪಡಿ ಆದಮೇಲೆ, ಅಪ್ರೆಂಟಿಸ್ ಮುಗಿಸಿದವರನ್ನು ಸೇರಿಸಿಕೊಳ್ಳುವ ಬಗ್ಗೆ ಪ್ರತಿ ಕಂಪನಿಯೂ ತನ್ನದೊಂದು ನೀತಿ ಮಾಡಿಟ್ಟುಕೊಳ್ಳಬೇಕು. ಅದೇನೆಂದು ಎಚ್‌ಆರ್‌ನಲ್ಲಿ ಕೇಳು. ಕೇಳಿದರೆ ತಪ್ಪಿಲ್ಲ.

ಇನ್ನು ಕ್ಲಾಸ್. ನಾನು ಈಗ ತರಬೇತಿ ವಿಭಾಗದಲ್ಲೇ ಇದ್ದೇನೆ, ಹಾಗಾಗಿ ಒಳಗಿನಿಂದ ಹೇಳುತ್ತೇನೆ. ತರಬೇತಿ ಫಲ ಕೊಟ್ಟಿತಾ ಎಂದು ನೋಡಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದವರು 1959ರಲ್ಲೇ ನಾಲ್ಕು ಹಂತ ಹೇಳಿದ್ದರು. ಬಂದವರಿಗೆ ಹಿಡಿಸಿತಾ, ಏನಾದರೂ ಕಲಿತರಾ, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರಾ, ಅದರಿಂದ ಕಂಪನಿಯಲ್ಲಿ ಏನು ಬದಲಾಯಿತು. ನಾನು ನೋಡಿದ ಬಹಳ ಕಡೆ ಮೊದಲ ಹಂತಕ್ಕೇ ಮುಗಿಯುತ್ತದೆ. ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ, ಚಹಾ ಕೊಟ್ಟು ಕಳಿಸುತ್ತಾರೆ. ಆದರೂ ಕ್ಲಾಸಿಗೆ ಹೋಗು, ಡೋಜೋದಲ್ಲಿ, ಅಂದರೆ ಲೈನಿಗೆ ಹೋಗುವ ಮೊದಲು ಅಭ್ಯಾಸ ಮಾಡಿಸುವ ಕೋಣೆಯಲ್ಲಿ, ಕೈಯಿಂದ ಮಾಡಿಸುವುದನ್ನಂತೂ ಬಿಡಬೇಡ. ನಿಜವಾದ ವಿದ್ಯೆ ಇರುವುದು ಲೈನಿನಲ್ಲಿ ಹಳೆಯ ಆಪರೇಟರ್ ಹತ್ತಿರ. ನಾನು ಭೋಸರಿಗೆ ಬಂದ ಹೊಸದರಲ್ಲಿ ಒಬ್ಬ ಕಾಕಾ ಡ್ರಿಲ್ಲಿನ ಸದ್ದು ಕೇಳಿಯೇ ‘ಹರಿತ ಹೋಗಿದೆ, ತೆಗಿ’ ಎನ್ನುತ್ತಿದ್ದರು. ಅವರ ಪಕ್ಕ ನಿಂತು ನಿಂತು ನನ್ನ ಕಿವಿಯೂ ತಯಾರಾಯಿತು.

ಲೈನಿನ ಹತ್ತಿರ ಸ್ಕಿಲ್ ಮ್ಯಾಟ್ರಿಕ್ಸ್ ಎಂಬ ಬೋರ್ಡ್ ಇರುತ್ತದೆ. ನಿನ್ನ ಹೆಸರಿನ ಮುಂದೆ ಒಂದೊಂದು ಕೆಲಸಕ್ಕೂ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಒಂದು ಭಾಗ ತುಂಬಿದ್ದರೆ ಕೆಲಸ ಗೊತ್ತು, ಎರಡಾದರೆ ಇನ್ನೊಬ್ಬರ ಎದುರು ಮಾಡಬಲ್ಲ, ಮೂರಾದರೆ ಒಬ್ಬನೇ ಮಾಡಬಲ್ಲ, ನಾಲ್ಕಾದರೆ ಬೇರೆಯವರಿಗೆ ಕಲಿಸಬಲ್ಲ. ಗಾಡಿ ಕಂಪನಿಗಳು ಬಿಡಿಭಾಗ ಕೊಡುವವರಿಂದ ಐಎಟಿಎಫ್ 16949 ಎಂಬ ಗುಣಮಟ್ಟದ ಪ್ರಮಾಣಪತ್ರ ಕೇಳುತ್ತವೆ. ಆಡಿಟ್‌ಗೆ ಬಂದವರು ಈ ಬೋರ್ಡ್ ನೋಡುತ್ತಾರೆ, ಅದರ ಹಿಂದಿನ ತರಬೇತಿ ದಾಖಲೆಯನ್ನೂ ಕೇಳುತ್ತಾರೆ. ಅಪಾಯ ಇರುವುದು ಇಲ್ಲೇ. ಆಡಿಟ್ ಹತ್ತಿರ ಬಂದಾಗ ವೃತ್ತಗಳು ಕೆಲಸ ಕಲಿಯುವುದಕ್ಕಿಂತ ಬೇಗ ತುಂಬಿಬಿಡುತ್ತವೆ.

ಬಾಗಲಕೋಟೆ ಕಡೆಯ ಒಬ್ಬ ಹುಡುಗನಿದ್ದ. ನಾನಾಗ ಟೂಲ್‌ರೂಮಿನಲ್ಲಿದ್ದೆ, ಅವನು ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ. ಬಹಳ ವಿನಯದ ಹುಡುಗ. ಸೂಪರ್‌ವೈಸರ್ ‘ತರಬೇತಿ ಆಗಿದೆ’ ಎಂಬ ಹಾಳೆ ತಂದು ಇಲ್ಲಿ ಸಹಿ ಮಾಡು ಎಂದರು, ಮಾಡಿದ. ದೊಡ್ಡವರು ಹೇಳಿದ ಮೇಲೆ ಎದುರು ಮಾತಾಡಬಾರದು ಅಂತ ತಾನೇ ನಮ್ಮನ್ನೆಲ್ಲ ಬೆಳೆಸಿರುವುದು? ಹಳೇ ಪವರ್ ಪ್ರೆಸ್ಸಿನ ಮೋಟಾರ್ ಬಂದ್ ಮಾಡಿದ ಮೇಲೂ ಅದರ ಭಾರದ ಚಕ್ರ, ಫ್ಲೈವೀಲ್, ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಆ ತಿರುಗುವ ಜೋರಿಗೇ ಪ್ರೆಸ್ ಇನ್ನೊಂದು ಸಲ ಹೊಡೆಯಬಲ್ಲದು. ಇದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಡೈಯಲ್ಲಿ, ಅಂದರೆ ಪ್ರೆಸ್ಸಿನ ಅಚ್ಚಿನಲ್ಲಿ, ಪೀಸ್ ಸಿಕ್ಕಿಕೊಂಡಿತು. ಮೋಟಾರ್ ಬಂದ್ ಮಾಡಿದ್ದೇನಲ್ಲ ಎಂದು ಕೈ ಹಾಕಿದ. ಎರಡು ಬೆರಳು ಹೋದವು.

ವಿಚಾರಣೆಯಲ್ಲಿ ಅವನ ಮುಂದೆ ಇಟ್ಟಿದ್ದು ಅವನದೇ ಸಹಿ ಇರುವ ಹಾಳೆ. ತರಬೇತಿ ಆಗಿದೆ, ಅಜಾಗರೂಕತೆ ಅವನದೇ ಎಂದರು. ಫ್ಲೈವೀಲ್ ನಿಲ್ಲುವವರೆಗೆ ಕಾಯಬೇಕು, ಪ್ರೆಸ್ ಕೆಳಗಿಳಿಯದಂತೆ ಸೇಫ್ಟಿ ಬ್ಲಾಕ್ ಇಡಬೇಕು, ಪೀಸ್ ತೆಗೆಯಲು ಇಕ್ಕಳ ಬಳಸಬೇಕು. ಯಾವ ಕಾಕಾ ಆದರೂ ಅರ್ಧ ಗಂಟೆಯೊಳಗೆ ತೋರಿಸುತ್ತಿದ್ದರು. ಅಷ್ಟು ಸಮಯ ಅವನಿಗೆ ಯಾರೂ ಕೊಡಲಿಲ್ಲ. ಅವನು ಊರಿಗೆ ಹೋದ. ಅವನ ನೆನಪು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಬೆಂಕಿ ಹಚ್ಚುತ್ತದೆ.

ಅದಕ್ಕೇ ನೀನು ಮೊದಲು ಕಲಿಯಬೇಕಾದ ಮರಾಠಿ ಇದು: ‘ಕಾಕಾ, ಮಲಾ ಅಜೂನ್ ದಾಖವಲಂ ನಾಹೀ.’ ನನಗೆ ಇನ್ನೂ ತೋರಿಸಿಲ್ಲ ಅಂತ. ನಗುತ್ತಲೇ ಹೇಳು, ಆದರೆ ಹೇಳು. ತೋರಿಸಿದ ಮೇಲೆ ಸಹಿ ಮಾಡು, ತಾರೀಖು ನಿನ್ನ ಕೈಯಲ್ಲೇ ಬರಿ. ಯಾವ ದಿನ, ಯಾವ ಮೆಷಿನ್, ಯಾರು ತೋರಿಸಿದರು ಎಂದು ನಿನ್ನದೇ ಒಂದು ನೋಟ್‌ಬುಕ್ಕಿನಲ್ಲಿಡು. ಅಪ್ರೆಂಟಿಸ್‌ನಿಂದ ಓವರ್‌ಟೈಮ್ ಮಾಡಿಸಲು ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಬೇಕು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕಂಪನಿಯದು, ಅಪ್ರೆಂಟಿಸ್ ಕಾಯ್ದೆಯ 16ನೇ ಕಲಂನಲ್ಲೇ ಇದೆ. ಸುಮ್ನೆ ಹೆದರಿಸುತ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆ.

‘ನಾವು ಹಳ್ಳಿ ಕಡೆಯವರು, ಅಲ್ಲಿಯವರ ಮುಂದೆ ನಿಲ್ಲೋಕಾಗುತ್ತಾ’ ಅಂತಲೂ ಬರೆದಿದ್ದೀಯಲ್ಲ. ಕಿರ್ಲೋಸ್ಕರ್ ಕಾರ್ಖಾನೆಗಳನ್ನು ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು ಅಲ್ಲಿ ವಿಜೆಟಿಐ ಎಂಬ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು. ಆಮೇಲೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರನ್ನೇ ಕಟ್ಟಿದರು. ಪುಣೆಯ ಖಡಕಿಯಲ್ಲಿ ಅವರ ಹೆಸರಿನ ಎಂಜಿನ್ ಕಾರ್ಖಾನೆ ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ನೀನೂ ಯಾರಿಗೂ ಕಡಿಮೆ ಇಲ್ಲ.

ಕರಾರಿನ ಹಾಳೆ ಬಂದ ಕೂಡಲೇ ಫೋಟೊ ತೆಗೆದು ನನಗೆ ಕಳಿಸು. ಗುರುವಾರ ಮನೆಗೆ ಬಾ, ಇಬ್ಬರೂ ಕೂತು ಪೂರ್ತಿ ಓದೋಣ. ಅಲ್ಲಿಯವರೆಗೆ ಸಹಿ ಹಾಕಬೇಡ.