ಹತ್ತು ಗಂಟೆಯ ದಿನಕ್ಕೊಂದು ಕೈಗಡಿಯಾರ

ಪ್ರಶ್ನೆ: ಉದ್ದ, ತೂಕ, ಹಣ ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತಂದುಕೊಂಡಿದ್ದೇವೆ. ಕಾಲವನ್ನು ಮಾತ್ರ ಇಪ್ಪತ್ತನಾಲ್ಕು, ಅರವತ್ತರಲ್ಲೇ ಬಿಟ್ಟಿರುವುದೇಕೆ? ನನ್ನ ಹಳೆಯ ಕೀಲಿ ಕೊಡುವ ಎಚ್‌ಎಂಟಿ ಕೈಗಡಿಯಾರಕ್ಕೆ ಹತ್ತು ಗಂಟೆಯ ಡಯಲ್ ಹಾಕಿಸಿದರೆ ಅದು ದಶಮಾಂಶ ಕಾಲವನ್ನು ತೋರಿಸುವುದೇ?
– ಓದುಗರು, ತುಮಕೂರು

ಉತ್ತರ: ದಶಮಾಂಶ ಕಾಲದ ಪರವಾದ ವಾದ ಗಟ್ಟಿಯಾಗಿಯೇ ಇದೆ. ರಾತ್ರಿ 9:40ಕ್ಕೆ ಹೊರಟ ಬಸ್ಸು ಬೆಳಿಗ್ಗೆ 6:25ಕ್ಕೆ ತಲುಪಿದರೆ ಪ್ರಯಾಣದ ಅವಧಿ ತಿಳಿಯಲು ಅರವತ್ತನ್ನು ಸಾಲ ಪಡೆದು ಕಳೆಯಬೇಕಾಗುತ್ತದೆ. ಕಂಪ್ಯೂಟರು ಈ ತೊಡಕನ್ನು ಇಟ್ಟುಕೊಂಡಿಲ್ಲ. ಎಕ್ಸೆಲ್ ಹಾಳೆಯಲ್ಲಿ ಸಂಜೆ ಆರು ಗಂಟೆ ಎಂದು ನಮೂದಿಸಿ, ಅದನ್ನು ಸಂಖ್ಯೆಯ ರೂಪಕ್ಕೆ ಬದಲಿಸಿದರೆ 0.75 ಎಂದು ಕಾಣುತ್ತದೆ. ದಿನದ ಮುಕ್ಕಾಲು ಭಾಗ ಮುಗಿದಿದೆ ಎಂದರ್ಥ. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ ಇರುವ ದಶಮಾಂಶ ಗಡಿಯಾರದಲ್ಲಿ ಅದೇ ಹೊತ್ತು ಏಳು ಗಂಟೆ ಐವತ್ತು ನಿಮಿಷ.

ಫ್ರಾನ್ಸಿನ ಕ್ರಾಂತಿ ಸರ್ಕಾರ 1793ರ ನವೆಂಬರಿನಲ್ಲಿ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡು ಎಂದು ಶಾಸನ ಮಾಡಿ, 1794ರ ಸೆಪ್ಟೆಂಬರ್ 22ರಿಂದ ಅದನ್ನು ಕಡ್ಡಾಯಗೊಳಿಸಿತು. ಹೊಸ ಗಂಟೆ ನಮ್ಮ 144 ನಿಮಿಷಗಳಿಗೆ ಸಮ. (ಪಂಚಾಂಗದ ಲೆಕ್ಕದಲ್ಲಿ ಅದು ಸರಿಯಾಗಿ ಆರು ಘಳಿಗೆ!) ಆದರೆ 1795ರ ಏಪ್ರಿಲ್ 7ರ ಶಾಸನವು ಮೀಟರು, ಲೀಟರು, ಗ್ರಾಮುಗಳನ್ನು ಸ್ಥಾಪಿಸುವಾಗಲೇ ದಶಮಾಂಶ ಗಂಟೆಯನ್ನು ಅಮಾನತಿನಲ್ಲಿಟ್ಟಿತು. ಊರಿಗೊಂದು ಅಳತೆಯಿದ್ದ ಬಟ್ಟೆ, ಧಾನ್ಯಗಳ ವ್ಯಾಪಾರಕ್ಕೆ ಮೀಟರು, ಲೀಟರುಗಳಿಂದ ನಿಜವಾದ ಉಪಕಾರವಿತ್ತು. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಎಂಬುದರಲ್ಲಿ ಯಾವ ಊರಿಗೂ ತಕರಾರಿರಲಿಲ್ಲ. ಇದ್ದ ಗಡಿಯಾರಗಳೆಲ್ಲ ನಿರುಪಯೋಗಿಯಾಗುವ ನಷ್ಟ ಮಾತ್ರ ಎದುರಿಗಿತ್ತು. ಗಣಿತಜ್ಞ ಲಾಪ್ಲಾಸ್ ತಮ್ಮ ಗಡಿಯಾರವನ್ನು ಹೊಸ ಕ್ರಮಕ್ಕೆ ಹೊಂದಿಸಿಕೊಂಡಿದ್ದರು, ಆದರೆ ಎಲ್ಲರೂ ಗ್ರಹಗತಿಯ ಲೆಕ್ಕ ಹಾಕುವವರಲ್ಲ. ನನ್ನ ದೃಷ್ಟಿಯಲ್ಲಿ ಆ ನಿರ್ಧಾರ ಸರಿಯಾಗಿತ್ತು.

ಇನ್ನು ನಿಮ್ಮ ಎಚ್‌ಎಂಟಿ. ಅದರ ಗಂಟೆ ಮುಳ್ಳು ದಿನಕ್ಕೆ ಎರಡು ಸುತ್ತು ಬರುವುದರಿಂದ, ಡಯಲನ್ನು ಐದು ಸಮಭಾಗ ಮಾಡಿ ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗೆ 0ರಿಂದ 5, ಅನಂತರ 5ರಿಂದ 10 ಎಂದು ಓದಿಕೊಂಡರೆ ಆ ಮುಳ್ಳೊಂದು ಸರಿಯಾಗಿಯೇ ಹೇಳುತ್ತದೆ. ನಿಮಿಷದ ಮುಳ್ಳು ಮಾತ್ರ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು 144 ನಿಮಿಷಕ್ಕೊಂದು ಸುತ್ತು ಬರಬೇಕಾದಲ್ಲಿ 60ಕ್ಕೇ ಬರುತ್ತದೆ. ಎರಡು ಮುಳ್ಳುಗಳ ನಡುವಿನ ಹಲ್ಲುಚಕ್ರಗಳನ್ನು 12ಕ್ಕೆ 1ರ ಬದಲು 5ಕ್ಕೆ 1ರ ಅನುಪಾತದಲ್ಲಿ ಹೊಸದಾಗಿ ಕತ್ತರಿಸಬೇಕು. ನಿಜವಾದ ತಲೆನೋವು ಸೆಕೆಂಡಿನದು. ಇಂಥ ಗಡಿಯಾರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಟಿಕ್ ಎನ್ನುತ್ತದೆ. ದಶಮಾಂಶ ಸೆಕೆಂಡು 0.864 ಸೆಕೆಂಡಿನಷ್ಟೇ ಆದ್ದರಿಂದ ಅದರಲ್ಲಿ 4.32 ಟಿಕ್‌ಗಳಾಗುತ್ತವೆ, ನೂರು ಗೆರೆಯ ಡಯಲಿನಲ್ಲಿ ಮುಳ್ಳು ಪ್ರತಿ 25ನೆಯ ಗೆರೆಯ ಮೇಲೆ ಮಾತ್ರ ನೇರವಾಗಿ ನಿಲ್ಲುತ್ತದೆ. ಸರಿಪಡಿಸಬೇಕೆಂದರೆ ಟಿಕ್‌ನ ವೇಗವನ್ನು ನಿರ್ಧರಿಸುವ ಬ್ಯಾಲೆನ್ಸ್ ಚಕ್ರ, ಕೂದಲೆಳೆ ಸ್ಪ್ರಿಂಗುಗಳನ್ನೇ ಬದಲಿಸಬೇಕು. ಕ್ವಾರ್ಟ್ಜ್ ಗಡಿಯಾರಕ್ಕೂ ಇದೇ ಪಾಡು: ಅದರ ಹರಳಿನ ಸೆಕೆಂಡಿಗೆ 32,768 ಕಂಪನಗಳನ್ನು ಹದಿನೈದು ಬಾರಿ ಅರ್ಧಿಸಿದರೆ ನಮ್ಮ ಸೆಕೆಂಡು ಸಿಗುತ್ತದೆ, ದಶಮಾಂಶ ಸೆಕೆಂಡಿಗೆ ಬೇಕಾದ 28,311.552 ಕಂಪನಗಳು ಹಾಗೆ ದಕ್ಕುವುದಿಲ್ಲ.

ಆದ್ದರಿಂದ ಸೆಕೆಂಡಿನ ಗೊಡವೆಗೆ ಹೋಗದೆ, ಗಂಟೆ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುವ 24 ಗಂಟೆಯ ಯಂತ್ರವನ್ನು ಕೊಂಡು, ಉಳಿದ ಮುಳ್ಳುಗಳನ್ನು ತೆಗೆಸಿ, ಮೇಲೆ 10, ಕೆಳಗೆ 5 ಇರುವ ನೂರು ಗೆರೆಯ ಡಯಲ್ ಹಾಕಿಸಿ. ಗೆರೆಗೆ ಗೆರೆಗೆ 14.4 ನಿಮಿಷದ ಅಂತರವಿರುವುದರಿಂದ, ಅರ್ಧ ಗೆರೆಯನ್ನು ಅಂದಾಜಿಸಿದರೆ ಏಳು ನಿಮಿಷದವರೆಗೆ ಹೊತ್ತು ಹೇಳಬಹುದು. ಎಚ್‌ಎಂಟಿಯ ಮೂಲ ಡಯಲನ್ನು ಮಾತ್ರ ಕೀಳಿಸಬೇಡಿ.